ಕಡಲಿಗೆ ಇಳಿಯುವ ಮೊದಲು ಹೇಳುವವರು ಬೇಕು: ನಮ್ಮ ಶಾಸಕರಿಗೆ ಗೋಕರ್ಣದಿಂದ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ಗೋಕರ್ಣದಲ್ಲಿ ದಂಡೆಗೆ ಹೋಗುವ ದಾರಿಯಲ್ಲಿ ಚಹದಂಗಡಿ ಇಟ್ಟುಕೊಂಡು, ಮನೆಯ ಹಿಂಬದಿಯ ನಾಲ್ಕು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಹೆಂಗಸು ನಾನು. ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೆರಡು ಮಳೆಗಾಲ ಕಳೆಯಿತು. ಮಾವ ಪಾತಿದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು, ಯಜಮಾನರು ಈಗಲೂ ಹೋಗುತ್ತಾರೆ. ನಮ್ಮ ಮನೆಯ ಅರ್ಧ ಅನ್ನ ಮೀನಿನದ್ದು, ಇನ್ನರ್ಧ ಪ್ರವಾಸಿಗರದ್ದು. ಗಾಳಿ ಮಳೆ ಹೇಗಿದೆ ಎಂದು ನೋಡದೆ ಎರಡೂ ನಡೆಯುವುದಿಲ್ಲ. ಈ ಪತ್ರವನ್ನು ಏಪ್ರಿಲ್‌ನಲ್ಲೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ಬರೆದರೆ ಏನು ಮಾಡುವುದಕ್ಕೂ ಹೊತ್ತು ಮೀರಿರುತ್ತದೆ.

ಈಗ ಊರೆಲ್ಲ ಮಳೆಗಾಲದ ತಯಾರಿಯಲ್ಲಿದೆ. ಸೌದೆ ಒಡೆದು ಕೊಟ್ಟಿಗೆಯಲ್ಲಿ ಒಟ್ಟುತ್ತಿದ್ದೇವೆ. ಪಡುಗಾಳಿ ಮಳೆಯನ್ನು ನೇರ ಜಗಲಿಗೆ ತಂದು ಹೊಡೆಯುವುದರಿಂದ ಪಡುವಣ ಗೋಡೆಗೆ ಜಡಿತಟ್ಟಿ ಕಟ್ಟಲು ಮಡಲು ಹೆಣೆಯುತ್ತಿದ್ದೇವೆ. ಅಂಗಳದ ತುಂಬ ಚಾಪೆ, ಚಾಪೆಯ ಮೇಲೆ ಹಲಸಿನ ಹಪ್ಪಳ, ಮೆಣಸು, ಒಣಮೀನು. ಮುರುಗಲು ಹಣ್ಣಾದೊಡನೆ ಅದರ ಸಿಪ್ಪೆಯೂ ಬರುತ್ತದೆ. ಸಾಣಿಕಟ್ಟಾದಿಂದ ವರ್ಷಕ್ಕಾಗುವಷ್ಟು ಉಪ್ಪು ತಂದು ಡಬ್ಬಿಗೆ ತುಂಬಿ ಇಡಬೇಕು, ಇಲ್ಲದಿದ್ದರೆ ಆಷಾಢದಲ್ಲಿ ಅದು ನೀರಾಗಿ ಹರಿಯುತ್ತದೆ. ಪ್ರವಾಸಿಗರಿಗೆ ಕೋಣೆ ಕೊಡುವವರಿಗೆ ಇದರ ಮೇಲೊಂದು ಚಿಂತೆ, ಹಾಸಿಗೆ ಬಟ್ಟೆಯದ್ದು. ಜುಲೈಯಲ್ಲಿ ಒಗೆದ ಚಾದರ ನಾಲ್ಕು ದಿನವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆಯ ವಾಸನೆ ಹಿಡಿಯದ ಹಾಗೆ ಗಳಿಗೆಗೊಮ್ಮೆ ಮಗುಚಿ ಹಾಕಿ ಒಣಗಿಸುತ್ತೇನೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಕರೆಂಟು ಹೋದರೆ ಮರ ಬಿದ್ದಿರುವುದು ಎಲ್ಲಿ ಎಂದು ಗೊತ್ತಾಗಲಿಕ್ಕೇ ಒಂದು ದಿನ ಬೇಕು.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಜೂನ್ ಬಂತೆಂದರೆ ಊರಿನಲ್ಲಿ ಯಾತ್ರಿಕರು ಬಿಟ್ಟರೆ ಹೊರಗಿನವರು ಇರುತ್ತಿರಲಿಲ್ಲ. ದಂಡೆಯ ಗುಡಿಸಲುಗಳನ್ನು ಬಿಚ್ಚಿ ಕಟ್ಟಿಡುತ್ತಿದ್ದರು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದ ವಿದೇಶಿಯರು ಯುಗಾದಿಯ ಹೊತ್ತಿಗೆ ಹೊರಟುಬಿಡುತ್ತಿದ್ದರು. ಈಗ ಹಾಗಿಲ್ಲ. ಪಂಚಗಂಗಾ ರೈಲಿನಲ್ಲಿ, ರಾತ್ರಿಯ ಸ್ಲೀಪರ್ ಬಸ್ಸುಗಳಲ್ಲಿ, ತಮ್ಮದೇ ಕಾರುಗಳಲ್ಲಿ ವಾರಾಂತ್ಯಕ್ಕೆಂದು ಬರುತ್ತಾರೆ, ಮಳೆ ನೋಡಲಿಕ್ಕೆಂದೇ ಬರುತ್ತಾರೆ. ಬರಲಿ. ಮಗಳ ಕಾಲೇಜಿನ ಫೀಸು ಅವರಿಂದಲೇ ಆಗುತ್ತದೆ. ಮೊದಲ ಸಲ ಸಮುದ್ರ ಕಂಡ ಮುಖ ಹೇಗಿರುತ್ತದೆ ಎಂಬುದನ್ನು ನಮ್ಮ ಅಂಗಡಿಯ ಮುಂದೆ ದಿನವೂ ನೋಡುತ್ತೇನೆ, ಅದು ಇಷ್ಟು ವರ್ಷವಾದರೂ ನನಗೆ ಹಳತಾಗಿಲ್ಲ. ರಾಯಚೂರಿನ ಕಡೆಯ ಒಬ್ಬ ಅಜ್ಜಿ ನೀರಿಗೆ ಕೈಮುಗಿದು, ಒಂದು ಹನಿ ನಾಲಿಗೆಗೆ ಇಟ್ಟುಕೊಂಡು, "ಖರೇನ ಉಪ್ಪೈತಲ್ಲವ್ವಾ" ಎಂದು ನನ್ನ ಕೈ ಹಿಡಿದುಕೊಂಡಿದ್ದರು.

ನನಗೆ ತಳಮಳ ಅವರು ನೀರಿಗೆ ಇಳಿಯುವ ಜಾಗದ್ದು.

ಹೋದ ವರ್ಷ ಆಗಸ್ಟ್ ತಿಂಗಳ ರಜೆಯಲ್ಲಿ ಬೆಂಗಳೂರಿನ ನಾಲ್ಕು ಹುಡುಗರು ನಮ್ಮಲ್ಲಿ ಉಳಿದಿದ್ದರು. ಒಳ್ಳೆಯ ಮಕ್ಕಳು. ಕುಡಿತ ಗಿಡಿತ ಏನೂ ಇಲ್ಲ, ಬಂದವರೇ ನನ್ನ ಬಳಿ ದೇವಸ್ಥಾನಕ್ಕೆ ಪಂಚೆ ಉಡಬೇಕಾ ಎಂದು ಕೇಳಿದವರು. ನೀರಿಗೆ ಇಳಿಯಬೇಡಿ ಎಂದು ಹೇಳಿದ್ದೆ, ಹೂಂ ಎಂದಿದ್ದರು. ಮರುದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅರ್ಧ ತಾಸಿನಲ್ಲಿ ಕೂಗು ಕೇಳಿತು, ಅವರಲ್ಲೊಬ್ಬ ನೀರಿನ ಸೆಳವಿಗೆ ಸಿಕ್ಕಿದ್ದ. ಬಲೆ ಒಣಗಿಸುತ್ತಿದ್ದ ನಮ್ಮ ಕೇರಿಯ ಇಬ್ಬರು ಹುಡುಗರು ಹಗ್ಗ ಮತ್ತು ಬಲೆಯ ಬೆಂಡು ಹಿಡಿದು ಓಡಿದರು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಇನ್ನೊಬ್ಬ ದಂಡೆಯಲ್ಲಿ ಹಗ್ಗ ಹಿಡಿದು ನಿಂತ. ಬೆಂಗಳೂರಿನ ಆ ಹುಡುಗ ಉಳಿದ. ನಮ್ಮ ಜಗಲಿಯಲ್ಲಿ ಕಂಬಳಿ ಹೊದೆಸಿ ಕೂರಿಸಿದೆವು. ಚಹದ ಲೋಟ ಹಿಡಿದರೆ ಕೈ ನಡುಗಿ ಚಹವೆಲ್ಲ ಮೊಣಕಾಲ ಮೇಲೆ ಚೆಲ್ಲಿತು, ಸುಟ್ಟಿದ್ದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ. ಸುಮಾರು ಹೊತ್ತಿನ ಮೇಲೆ ಅವನು ಆಡಿದ್ದು ಒಂದೇ ಮಾತು: "ಆಂಟಿ, ನಾನು ಇಳಿದ ಕಡೆ ಅಲೆಯೇ ಇರಲಿಲ್ಲ."

ಆ ಮಾತು ನಿಜ, ಸಾರ್. ಅವನು ಹುಚ್ಚು ಧೈರ್ಯ ಮಾಡಿರಲಿಲ್ಲ, ತನಗೆ ತಿಳಿದ ಮಟ್ಟಿಗೆ ಎಚ್ಚರಿಕೆಯಿಂದಲೇ ಜಾಗ ಆರಿಸಿದ್ದ. ಎಡಕ್ಕೂ ಬಲಕ್ಕೂ ಅಲೆ ಬಿಳಿಯಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ನೀರು ಸುಮ್ಮನೆ ಮಲಗಿದ ಹಾಗೆ ಕಾಣುತ್ತದೆ. ಹೊಸಬರ ಕಣ್ಣಿಗೆ ಅದೇ ಸುರಕ್ಷಿತ. ಆದರೆ ದಂಡೆಗೆ ಏರಿ ಬಂದ ನೀರೆಲ್ಲ ಒಳಕ್ಕೆ ವಾಪಸು ಹೋಗುವ ದಾರಿ ಅದು. ನೀರಿನ ಅಡಿಯಲ್ಲಿ ಮರಳು ಅಲ್ಲಿ ಕೊರೆದು ಆಳವಾಗಿರುತ್ತದೆ. ಆಳ ಇರುವುದರಿಂದಲೇ ಅಲೆ ಅಲ್ಲಿ ಒಡೆಯುವುದಿಲ್ಲ. ಮೇಲೆ ಕಲಕಿದ ಮರಳು, ನೊರೆ ಕಡಲ ಕಡೆಗೆ ಸಾಗುತ್ತಿರುವುದನ್ನು ನೋಡಿ ನಮ್ಮವರು ಗುರುತು ಹಿಡಿಯುತ್ತಾರೆ. ಆ ಸೆಳವು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಹೆದರಿದ ಮನುಷ್ಯ ನೇರ ದಂಡೆಗೆ ಈಜಲು ಹೋಗಿ ಸೋತು ಮುಳುಗುತ್ತಾನೆ. ದಂಡೆಯ ಉದ್ದಕ್ಕೆ, ಪಕ್ಕಕ್ಕೆ ಈಜಿದರೆ ಸ್ವಲ್ಪದರಲ್ಲೇ ಸೆಳವಿನಿಂದ ಹೊರಬರಬಹುದು. ಈಜು ಬಾರದವನು ಕೈಕಾಲು ಬಡಿಯದೆ ತೇಲಿಕೊಂಡು ಕೈಯೆತ್ತಿ ಕೂಗಬೇಕು. ಇಷ್ಟು ಮಾತು ಇಲ್ಲಿಗೆ ಬರುವ ಪ್ರತಿಯೊಬ್ಬರ ಕಿವಿಗೆ ಬಿದ್ದರೆ ಎಷ್ಟೋ ಮನೆಗಳಲ್ಲಿ ದೀಪ ಉಳಿಯುತ್ತದೆ. ಸೆಳವಿನ ಜಾಗವೂ ಒಂದೇ ಕಡೆ ಇರುವುದಿಲ್ಲ. ಒಂದು ದೊಡ್ಡ ಮಳೆ ಹೊಡೆದರೆ, ಗಾಳಿ ತಿರುಗಿದರೆ ಮರಳು ಸರಿದು ಸೆಳವೂ ಸರಿಯುತ್ತದೆ. ಒಮ್ಮೆ ನೆಟ್ಟು ಹತ್ತು ವರ್ಷ ಬಿಡುವ ಎಚ್ಚರಿಕೆ ಫಲಕದಿಂದ ಹೆಚ್ಚು ಪ್ರಯೋಜನ ಇಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮುನ್ನೆಚ್ಚರಿಕೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹವಾಮಾನ ಇಲಾಖೆಯ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಫೋನಿಗೇ ಬರುತ್ತದೆ. ರೆಡ್ ಎಂದರೆ 24 ತಾಸಿನಲ್ಲಿ 204 ಮಿಲಿಮೀಟರಿಗೂ ಮೀರಿ ಸುರಿಯಬಹುದು ಎಂದು ಈಗ ನಮ್ಮ ಮಕ್ಕಳಿಗೂ ಗೊತ್ತು, ಶಾಲೆಗೆ ರಜೆ ಕೊಡುವುದು ಅದರ ಮೇಲೆಯೇ. ಆದರೆ ಅದು ಮಳೆಯ ಲೆಕ್ಕ, ಕಡಲಿನದ್ದಲ್ಲ. ಕಡಲಿನ ವಿಷಯಕ್ಕೆ ಬಂದಾಗ "ಮೀನುಗಾರರು ಸಮುದ್ರಕ್ಕೆ ಇಳಿಯಬಾರದು" ಎಂದು ಇರುತ್ತದೆ. ಮೀನುಗಾರರಿಗೆ ಅದು ಹೇಳದೆಯೇ ತಿಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ಅದು ಮುಗಿದ ಮೇಲೂ ನಮ್ಮಲ್ಲಿ ಹಲವರು ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ನಂತರವೇ ಹೊರಡುವುದು. ಹುಟ್ಟಿದಂದಿನಿಂದ ನೀರಿನಲ್ಲಿ ಬದುಕಿದವರು ಕಾದು ಕುಳಿತಿರುವ ಅದೇ ದಿನಗಳಲ್ಲಿ, ಸಮುದ್ರವನ್ನು ಎಂದೂ ಕಾಣದವರು ಸೊಂಟದವರೆಗೆ ನೀರಿಗೆ ಇಳಿದು ನಿಂತಿರುತ್ತಾರೆ. ಪ್ರವಾಸಿಗರು ಇಳಿಯಬಾರದು ಎಂದು ಅವರ ಭಾಷೆಯಲ್ಲಿ, ಅವರು ನಿಂತ ಜಾಗದಲ್ಲಿ, ಆ ದಿನ ಬೆಳಿಗ್ಗೆ ಹೇಳುವ ಏರ್ಪಾಡು ಬೇಕು.

ಇದು ಮಳೆಗಾಲಕ್ಕಷ್ಟೇ ಸೀಮಿತವಾಗಿದ್ದರೆ ನಾಲ್ಕು ತಿಂಗಳು ಹಗ್ಗ ಕಟ್ಟಿ ಮುಗಿಸಬಹುದಿತ್ತು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಕಡಲಿನಲ್ಲಿ ಮುಳುಗಿ ಹೋದರು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು. ಡಿಸೆಂಬರ್ ಎಂದರೆ ನಮ್ಮ ಲೆಕ್ಕದಲ್ಲಿ ಕಡಲು ಶಾಂತ ಇರುವ ತಿಂಗಳು. ಆ ರಾತ್ರಿ ನಮ್ಮ ಕೇರಿಯಲ್ಲಿ ಎಷ್ಟೋ ಮನೆಗಳಲ್ಲಿ ಊಟ ಸೇರಲಿಲ್ಲ. ಇನ್ನು ಏಪ್ರಿಲ್ ಮೇ ತಿಂಗಳಲ್ಲಿ ಇನ್ನೊಂದು ಥರ. ಆಕಾಶ ನಿರ್ಮಲವಾಗಿರುತ್ತದೆ, ಗಾಳಿ ಇರುವುದಿಲ್ಲ, ದಿಢೀರನೆ ಅಲೆ ಅಂಗಡಿಯ ಬುಡಕ್ಕೆ ಬರುತ್ತದೆ. ದಕ್ಷಿಣದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ನಮ್ಮ ದಂಡೆ ಮುಟ್ಟುವುದು ಅದು. ಕೇರಳದ ಮೀನುಗಾರರು ಅದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಮಾವ ಜಗಲಿಯಲ್ಲಿ ಕುಳಿತು ಒಂದು ಅಲೆಗೂ ಮುಂದಿನದ್ದಕ್ಕೂ ನಡುವಿನ ಹೊತ್ತನ್ನು ಬೆರಳಿನಲ್ಲಿ ಎಣಿಸುತ್ತಿದ್ದರು. ಎಣಿಕೆ ಉದ್ದವಾದರೆ "ದೂರದ್ದು ಬರ್ತಾ ಉಂಟು, ದೋಣಿ ಮೇಲೆ ಎಳೀರಿ" ಎನ್ನುತ್ತಿದ್ದರು. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇಂಥ ಅಲೆಯ ಮುನ್ಸೂಚನೆಯನ್ನು ಕರಾವಳಿಯ ಭಾಗ ಹೆಸರಿಸಿ, ಅಲೆಯ ಎತ್ತರವನ್ನು ಮೀಟರಿನಲ್ಲಿ ಹೇಳಿ ಕೊಡುತ್ತದೆ. ಮಾವನ ಬೆರಳು, ಹೈದರಾಬಾದಿನ ಲೆಕ್ಕ, ಎರಡೂ ನಮ್ಮ ಬಳಿ ಇವೆ. ಬಸ್ಸಿನಿಂದ ಇಳಿದವನಿಗೆ ಎರಡೂ ತಲುಪುತ್ತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಊರಿನ ದಂಡೆ, ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್, ಈ ಐದೂ ಕಡೆ ವರ್ಷದ ಹನ್ನೆರಡು ತಿಂಗಳೂ ಜೀವರಕ್ಷಕರು ಇರಬೇಕು. ಆ ಕೆಲಸ ನಮ್ಮ ಹರಿಕಂತ್ರ, ಖಾರ್ವಿ, ಅಂಬಿಗ ಹುಡುಗರಿಗೆ ಸಿಗಬೇಕು, ತಿಂಗಳು ತಿಂಗಳು ಸರಿಯಾಗಿ ಸಂಬಳ, ವಿಮೆ, ಒಳ್ಳೆಯ ಬೆಂಡು, ಹಗ್ಗ, ರಕ್ಷಣಾ ದೋಣಿ ಸಮೇತ. ಅಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ ಹುಡುಗನಿಗೆ ಏನಾದರೂ ಆಗಿದ್ದರೆ ಅವನ ಮನೆಯವರಿಗೆ ಯಾರು ಏನು ಕೊಡುತ್ತಿದ್ದರು? ಈ ಪ್ರಶ್ನೆ ಅವನ ತಾಯಿ ನನ್ನನ್ನು ಕೇಳಿದ್ದು, ನಾನು ನಿಮಗೆ ತಲುಪಿಸುತ್ತಿದ್ದೇನೆ.

ಎರಡನೆಯದು, ದಿನ ಬೆಳಿಗ್ಗೆ ಆರು ಗಂಟೆಗೆ ಬರೆಯುವ ಹಲಗೆ. ಬಸ್ ನಿಲ್ದಾಣದಲ್ಲಿ, ಗೋಕರ್ಣ ರೋಡ್ ರೈಲು ನಿಲ್ದಾಣದಲ್ಲಿ, ದಂಡೆಗೆ ಇಳಿಯುವ ಪ್ರತಿ ದಾರಿಯ ಬಾಯಲ್ಲಿ. ಇಂದು ಅಲೆ ಎಷ್ಟು, ಸೆಳವು ಎಲ್ಲಿದೆ, ಭರತ ಎಷ್ಟು ಹೊತ್ತಿಗೆ, ಇಳಿಯಬಹುದೇ ಬಾರದೇ. ಕನ್ನಡದಲ್ಲಿ, ಜೊತೆಗೆ ಹಿಂದಿ, ತೆಲುಗು, ಇಂಗ್ಲಿಷಿನಲ್ಲಿ. ಓದಲು ಬಾರದವರಿಗೆ ಕೆಂಪು ಬಾವುಟ. ಕೋಣೆ ಕೊಡುವ ನಮ್ಮಂಥವರಿಗೂ ನಿಯಮ ಮಾಡಿ: ಆಧಾರ್ ಕಾರ್ಡ್ ನೋಡಿ ಪುಸ್ತಕದಲ್ಲಿ ಹೆಸರು ಬರೆಯುವಾಗಲೇ ಅಂದಿನ ಹಲಗೆಯ ಮಾತು ಹೇಳಲೇಬೇಕು ಎಂದು. ಓಂ ದಂಡೆಯ ಬಂಡೆಗಳ ಮೇಲೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ, ಫೋಟೋಕ್ಕೆಂದು ಅಲ್ಲಿ ಹತ್ತುವವರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಡೆಯುವ ಕಾವಲೂ ಬೇಕು.

ಆಸ್ಪತ್ರೆಯ ಮಾತು ಹೊಸದೇನಲ್ಲ, ಇಡೀ ಜಿಲ್ಲೆ ವರ್ಷಗಳಿಂದ ಕೇಳುತ್ತಿದೆ. ಹೆಚ್ಚಿನ ಚಿಕಿತ್ಸೆ ಎಂದರೆ ಇಂದಿಗೂ ಮಣಿಪಾಲ, ಅಂದರೆ ಸುಮಾರು 150 ಕಿಲೋಮೀಟರ್. ನೀರು ಕುಡಿದವನಿಗೆ ಮೊದಲ ಕೆಲವು ನಿಮಿಷವೇ ಆಯುಷ್ಯ. ಹಾಗಾಗಿ ದಂಡೆಯಲ್ಲಿ ನಿಂತ ಹುಡುಗರಿಗೆ ಉಸಿರು ಕೊಡುವ, ಎದೆ ಒತ್ತುವ ತರಬೇತಿಯಾದರೂ ಈ ಮೇ ಒಳಗೆ ಆಗಲಿ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹದಂಗಡಿಯೊಂದು ಅಲ್ಲಿದ್ದ ಸಂಸಾರದ ಸಮೇತ ಗಂಗಾವಳಿಗೆ ಹೋಯಿತು. ಆ ಹೊಳೆ ಕಡಲು ಸೇರುವುದು ನಮ್ಮೂರಿನ ಬಡಗಣಕ್ಕೆ. ಚಹದಂಗಡಿಯವಳಾದ ನನಗೆ ಆಮೇಲೆ ಎಷ್ಟೋ ರಾತ್ರಿ ಮಳೆಯ ಸದ್ದಿಗೆ ನಿದ್ದೆ ಬರಲಿಲ್ಲ. ಗುಡ್ಡದ ಕೆಳಗೆ ನಿಂತವರಿಗಾಗಲಿ ನೀರಿನ ಅಂಚಿಗೆ ನಿಂತವರಿಗಾಗಲಿ ಮೊದಲೇ ಹೇಳುವವರು ಒಬ್ಬರಿರಬೇಕಿತ್ತು ಎಂದು ಆಗೆಲ್ಲ ಅನಿಸುತ್ತಿತ್ತು. ಈ ಪತ್ರದ ಮೊದಲ ಸಾಲು ಹುಟ್ಟಿದ್ದು ಅಂಥ ಒಂದು ರಾತ್ರಿ.

ಮೇ ತಿಂಗಳ ಮೊದಲ ಹದಿನೈದು ದಿನದಲ್ಲಿ ಒಂದು ಬೆಳಿಗ್ಗೆ ನಮ್ಮೂರಿಗೆ ಬನ್ನಿ. ಮೀನುಗಾರರು, ಕೋಣೆ ಬಾಡಿಗೆ ಕೊಡುವವರು, ರಿಕ್ಷಾದವರು, ಪಂಚಾಯಿತಿಯವರು, ಪೊಲೀಸರು ಎಲ್ಲರನ್ನೂ ಒಂದೆಡೆ ಕೂರಿಸಿ. ಮಾವನಿಗೆ ಈಗ ನಡೆಯಲು ಆಗುವುದಿಲ್ಲ, ಆದರೆ ಕುರ್ಚಿಯಲ್ಲಿ ಹೊತ್ತು ತಂದರೆ ಸೆಳವು ಎಲ್ಲಿದೆ ಎಂದು ಕೈ ಮಾಡಿ ತೋರಿಸುತ್ತಾರೆ. ಹಲಗೆಗೆ ನೀವು ಕಾಯಬೇಕಾಗಿಲ್ಲ. ನಮ್ಮ ಹಳೆಯ ದೋಣಿ ಬಿಚ್ಚಿದಾಗ ಉಳಿದ ಅಗಲದ ಹಲಗೆಯೊಂದಕ್ಕೆ ಯಜಮಾನರು ಕಪ್ಪು ಬಣ್ಣ ಬಳಿದು ಜಗಲಿಯ ಗೋಡೆಗೆ ಒರಗಿಸಿಟ್ಟಿದ್ದಾರೆ. ಮಗಳು ಅದರ ನೆತ್ತಿಯಲ್ಲಿ "ಇಂದಿನ ಕಡಲು" ಎಂದು ಬಿಳಿಯಲ್ಲಿ ಬರೆದಿದ್ದಾಳೆ. ಕೆಳಗಿನ ಜಾಗ ಖಾಲಿ ಇದೆ.

ಇಂತಿ,
ಗೋಕರ್ಣದ ಒಬ್ಬ ಮತದಾರಳು