ಬ್ಯಾಟರಿ ಬದಲಿಸುವ ಮುನ್ನ ಸ್ಟೀರಿಯೊ ವೈರಿಂಗ್ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಕಾರಿಗೆ ಹೊರಗಿನ ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ ಮೇಲೆ ಎರಡು ದಿನ ನಿಲ್ಲಿಸಿದರೆ ಸಾಕು, ಸೆಲ್ಫ್ ಹೊಡೆಯುವುದಿಲ್ಲ ಎಂಬ ದೂರು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿದೆ. ಇಂಥ ಕಾರು ಬಂದೊಡನೆ ಬ್ಯಾಟರಿ ಹೋಗಿದೆ ಎಂದು ಹೇಳಿ ಹೊಸದನ್ನು ಕೂರಿಸಿ ಕಳಿಸುವವರಿದ್ದಾರೆ. ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ನೋಡದೆ ಗ್ರಾಹಕರಿಂದ ಸಾವಿರಾರು ರೂಪಾಯಿ ಖರ್ಚು ಮಾಡಿಸುವುದು, ವಾಹನಗಳ ವೈರಿಂಗ್ ಕೆಲಸವನ್ನೇ ನಂಬಿರುವ ನನಗೆ ಬಹಳ ನೋವಿನ ಸಂಗತಿ.

ನಿಲ್ಲಿಸಿದ ಕಾರು ಗಡಿಯಾರ, ಅಲಾರಂ ಮುಂತಾದವುಗಳಿಗಾಗಿ ಸಾಮಾನ್ಯವಾಗಿ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಕರೆಂಟ್ ಎಳೆಯುತ್ತದೆ. ಸ್ಟೀರಿಯೊ ಪೂರ್ತಿ ಆಫ್ ಆಗದೆ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್) ಖಾಲಿಯಾಗುತ್ತದೆ; ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ದಿನ ತಡೆದೀತು? ಹೀಗೆ ಪದೇ ಪದೇ ಬರಿದಾದರೆ ಹೊಸ ಬ್ಯಾಟರಿಯೂ ಬೇಗ ಕೆಡುತ್ತದೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಕ್ಲ್ಯಾಂಪ್ ಮತ್ತು ಟರ್ಮಿನಲ್ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಗಿಟ್ಟು ಜೋಡಿಸಬೇಕು. ಕಾರಿನ ಕಂಪ್ಯೂಟರ್‌ಗಳೆಲ್ಲ ನಿದ್ರೆಗೆ ಜಾರುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಅವಸರದಲ್ಲಿ ನೋಡಿದರೆ ತಪ್ಪು ಅಂಕಿ ಸಿಗುತ್ತದೆ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಆಮೇಲೆ ಸ್ಟೀರಿಯೊದ ಫ್ಯೂಸ್ ಕಿತ್ತಾಗ ಅಂಕಿ ಥಟ್ಟನೆ ಇಳಿದರೆ ದೋಷ ಆ ಸರ್ಕ್ಯೂಟಿನಲ್ಲೇ ಇದೆ.

ಆಗಲೂ ಸ್ಟೀರಿಯೊವನ್ನೇ ದೂರುವಂತಿಲ್ಲ. ಸಾಮಾನ್ಯವಾಗಿ ಅದರ ಹಳದಿ ವೈರಿಗೆ ಸದಾ 12 ವೋಲ್ಟ್ ಇರಬೇಕು, ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕಾರಿನ ಕಪ್ಲರಿನಲ್ಲಿ (ವೈರುಗಳನ್ನು ಜೋಡಿಸುವ ಪ್ಲಗ್ಗಿನಲ್ಲಿ) ಸರಿಯಾದ ವೈರ್ ಸಿಗದಾಗ ಕೆಲವರು ಎರಡನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿಬಿಡುತ್ತಾರೆ. ಪರದೆ ಕಪ್ಪಾಗಿ ಕಂಡರೂ ಒಳಗೆ ಸ್ಟೀರಿಯೊ ಎಚ್ಚರವಾಗಿಯೇ ಇರುತ್ತದೆ. ಕೀ ತೆಗೆದ ಮೇಲೂ ಕೆಂಪು ವೈರಿನಲ್ಲಿ 12 ವೋಲ್ಟ್ ತೋರಿಸಿದರೆ ತಪ್ಪು ಜೋಡಣೆಯದು. ಸೊನ್ನೆ ತೋರಿಸಿಯೂ ಸೋರಿಕೆ ನಿಲ್ಲದಿದ್ದರೆ ಮಾತ್ರ ಸ್ಟೀರಿಯೊವನ್ನು ಅನುಮಾನಿಸಬೇಕು. ಹೊಸ ಕಾರುಗಳಲ್ಲಿ ಸ್ಟೀರಿಯೊ ಜೊತೆ ಬರುವ, ಕಾರಿನ ಕಂಪ್ಯೂಟರ್‌ಗಳ ಸಂದೇಶವನ್ನು ಸ್ಟೀರಿಯೊಗೆ ತಲುಪಿಸುವ ಕ್ಯಾನ್‌ಬಸ್ ಡಬ್ಬಿಯೇ ಈ ಕೆಂಪು ವೈರಿನ ಸಂಕೇತ ಕೊಡುವುದುಂಟು. ಅದು ನಿದ್ರೆಗೆ ಹೋಗದಿದ್ದರೂ ಇದೇ ತೊಂದರೆ, ಆದ್ದರಿಂದ ಅದನ್ನೂ ಬಿಚ್ಚಿ ನೋಡಬೇಕು.

ಸ್ಟೀರಿಯೊದಲ್ಲೇ ದೋಷವಿದ್ದರೆ ಗ್ರಾಹಕರು ಸುಮ್ಮನಿರಬೇಕಾಗಿಲ್ಲ. ಬಿಲ್ ಕೊಡದಿರುವುದು ಮತ್ತು ಬಿಲ್ಲಿನಲ್ಲಿ ಬೇರೆ ಅವಧಿ ನಮೂದಿಸದಿದ್ದಾಗ 30 ದಿನಗಳೊಳಗೆ ದೋಷಯುಕ್ತ ವಸ್ತುವನ್ನು ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುತ್ತದೆಂದು ಕೊಂಡವರಿಗೆ ಮಾತ್ರ ತಮ್ಮ ದೂರನ್ನು ಸಾಬೀತುಪಡಿಸುವುದು ಕಷ್ಟ.

ಸ್ಟೀರಿಯೊ, ಕ್ಯಾಮೆರಾ, ಜಿಪಿಎಸ್ ಏನನ್ನೇ ಕೂರಿಸಿದರೂ, ಕಾರು ನಿಂತಾಗ ಎಳೆಯುವ ಕರೆಂಟನ್ನು ಜೋಡಣೆಗೆ ಮೊದಲು ಮತ್ತು ನಂತರ ಅಳೆದು, ಎರಡೂ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆದುಕೊಡುವ ಪದ್ಧತಿಯನ್ನು ಬಿಡಿಭಾಗ ವ್ಯಾಪಾರಿಗಳು ತಾವಾಗಿಯೇ ಆರಂಭಿಸಬೇಕೆಂದು ಕೋರುತ್ತೇನೆ.

– ಆಟೊ ಎಲೆಕ್ಟ್ರಿಷಿಯನ್, ದಾವಣಗೆರೆ