ಅಂಚಿನ ಏಳು ಕುಣಿಕೆ

16 ಏಪ್ರಿಲ್ 2020

ಚಿ. ಮೇಘಾಗೆ ಅತ್ತೆಯ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿಮ್ಮಪ್ಪ ಹೇಳಿಯೇ ಇರುತ್ತಾನೆ. ನನ್ನ ಮನಸ್ಸೆಲ್ಲ ನಿನ್ನ ಪತ್ರದ ಕೊನೇ ಸಾಲಿನಲ್ಲೇ ಇದೆ: "ಒಂದು ವಾರದಿಂದ ಹೆಣೆದಿದ್ದೂ ಕೆಡುತ್ತೆ, ಓದಿದ್ದೂ ನಿಲ್ಲಲ್ಲ, ನನ್ನ ತಲೆಗೇ ಏನೋ ಆಗಿದೆ."

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. 40 ಕುಣಿಕೆಯ ಮಫ್ಲರ್ 47ಕ್ಕೆ ಏರಿದೆ, ಮೇಲೆ ಹೋದಂತೆಲ್ಲ ಅಗಲವಾಗಿದೆ, ನಡುವೆ ಎಲ್ಲೂ ತೂತಿಲ್ಲ. ಹಾಗಿದ್ದರೆ ತಪ್ಪು ಅಂಚಿನಲ್ಲೇ. ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ಉಲ್ಲನ್ ಎಳೆ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದೆ. ಆಗ ಮೊದಲ ಕುಣಿಕೆಯ ಎರಡು ಕಾಲೂ ಮೇಲೆದ್ದು ಎರಡು ಕುಣಿಕೆಯಂತೆ ಕಾಣುತ್ತವೆ; ಎರಡನ್ನೂ ಹೆಣೆದರೆ ಒಂದು ಜಾಸ್ತಿ. ಎಳೆಯನ್ನು ಮುಂದೆ ಕೆಳಕ್ಕೆ ಜಗ್ಗಿ, ಕಡ್ಡಿಯ ಅಡಿಯಿಂದಲೇ ಹಿಂದಕ್ಕೆ ತಂದು ಶುರು ಮಾಡು. ಹೊಸದಾಗಿ ಕಲಿಯುವವರಿಗೆಲ್ಲ ಆಗುವ ತಪ್ಪಿದು. ಇದರಲ್ಲಿ ನಿನ್ನ ತಲೆಯ ದೋಷ ಎಲ್ಲಿದೆ ಹೇಳು?

ಶುರುವಿನಲ್ಲಿ ಅಗಲ ಕಡಿಮೆ ಬಂತು ಅಂದಿದ್ದಕ್ಕೂ ಕಾರಣ ಇದೆ. ನೀನು ನೋಡಿ ಕಲಿಯುತ್ತಿರುವ ವಿಡಿಯೋದವರು ಅಮೆರಿಕದವರು; ಅವರ 8 ನಂಬರ್ ಕಡ್ಡಿ 5 ಮಿ.ಮೀ. ನಮ್ಮ ಅಂಗಡಿಯಲ್ಲಿ ಸಿಗುವ 8 ನಂಬರ್ 4 ಮಿ.ಮೀ. ಅವರದು ಬೇಕಿದ್ದರೆ ಇಲ್ಲಿ 6 ನಂಬರ್ ಕೇಳಬೇಕು. ನಮ್ಮಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ.

ನೀನು ರಜೆಗೆ ಬರುತ್ತಿದ್ದಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕಿತ್ತು. ಮುಂದಿನ ವರ್ಷ, ಮುಂದಿನ ವರ್ಷ ಅಂತಲೇ ಹೋಯಿತು. ಆಗ ಕಲಿಸಿದ್ದರೆ ಇವತ್ತು ಒಂದೇ ಕೋಣೆಯಲ್ಲಿ ಒಬ್ಬಳೇ ಕೂತು ಇಂಥ ಮಾತು ಬರೆಯುತ್ತಿರಲಿಲ್ಲವೇನೋ.

ಓದಿನ ವಿಷಯಕ್ಕೆ ಇಷ್ಟು ಖಚಿತವಾಗಿ ಹೇಳಲಾರೆ. ಬೆಳಿಗ್ಗೆಯಿಂದ ಟಿವಿಯಲ್ಲಿ ಸೋಂಕು, ಸಾವಿನ ಲೆಕ್ಕ; ಮೊನ್ನೆ ಮುಗಿಯಬೇಕಿದ್ದ ಲಾಕ್‌ಡೌನ್ ಮೇ 3ಕ್ಕೆ ಹೋಯಿತು. ಹೀಗಿರುವಾಗ ಕಾದಂಬರಿಯಲ್ಲಿ ಮನಸ್ಸು ನಿಲ್ಲದಿದ್ದರೆ ಅದು ಕಾಯಿಲೆಯಲ್ಲ ಕಣೇ. ನಾಲ್ಕೈದು ಪುಟದ ಕತೆ ತಗೋ, ಗಟ್ಟಿಯಾಗಿ ಓದು. ಸುದ್ದಿ ಸಂಜೆ ಒಂದೇ ಸಲ ಸಾಕು. ಹೇಳುವುದು ಸುಲಭ, ಗೊತ್ತು.

ಬಿಚ್ಚುವುದಕ್ಕೆ ಹೆದರಬೇಡ. ಬಿಚ್ಚಿದ ಉಲ್ಲನ್ ಗುಂಗುರಾಗಿರುತ್ತೆ, ಹಾಗೇ ಹೆಣೆದರೆ ಕುಣಿಕೆ ಏರುಪೇರಾಗುತ್ತೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡು, ನಾಲ್ಕು ಕಡೆ ದಾರದಿಂದ ಸಡಿಲವಾಗಿ ಕಟ್ಟು, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸು. ಹಿಂಡಬೇಡ, ಟವೆಲ್‌ನಲ್ಲಿ ಒತ್ತಿ ನೆರಳಲ್ಲಿ ನೇತುಹಾಕು. ಈ ಸಲ ಹತ್ತು ಸಾಲಿಗೊಮ್ಮೆ, ಮೊಂಡ ಸೂಜಿಯಲ್ಲಿ ಬೇರೆ ಬಣ್ಣದ ನುಣುಪು ದಾರ ಪೋಣಿಸಿ, ಕಡ್ಡಿಯ ಮೇಲಿರುವ ಅಷ್ಟೂ ಕುಣಿಕೆಯೊಳಗೆ ಹಾಯಿಸಿಬಿಡು. ಮುಂದೆ ಎಲ್ಲಿ ತಪ್ಪಿದರೂ ಆ ದಾರದವರೆಗೆ ಮಾತ್ರ ಬಿಚ್ಚಿದರಾಯಿತು, ಅದರ ಕೆಳಗಿನದು ಭದ್ರವಾಗಿರುತ್ತೆ. ಪ್ರತಿ ಸಾಲೂ ಎಣಿಸು, 40 ಇರಬೇಕು.

ತಲೆಗೆ ಏನೋ ಆಗಿದೆ ಅಂತ ಮತ್ತೆ ಅನ್ನಿಸಿದರೆ ಪತ್ರ ಬರೆಯುತ್ತಾ ಕೂರಬೇಡ, ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ. ನಿದ್ದೆಯಿಲ್ಲದೆ ವಾರಗಟ್ಟಲೆ ಹೀಗೇ ಇದ್ದರೆ ಡಾಕ್ಟರ ಹತ್ತಿರ ಫೋನಿನಲ್ಲೇ ಮಾತಾಡೋಣ, ನಾನೂ ಲೈನಿನಲ್ಲಿರುತ್ತೇನೆ. ಮೊದಲ ಹತ್ತು ಸಾಲಿನ ಫೋಟೋ ಕಳಿಸು, ಎರಡೂ ಅಂಚು ಕಾಣುವ ಹಾಗೆ.

ನಿನ್ನ ಅತ್ತೆ