ದವಡೆಯೂ ಮೂಳೆಯೇ ಅಲ್ವಾ, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಮೇಜಿನ ಮೇಲೆ ಒಂದು ಕಾಗದ ಇದೆ. ಸರ್ಕಾರದ ಆರೋಗ್ಯ ಯೋಜನೆಯ ಕಚೇರಿಯಿಂದ ಬಂದದ್ದು. ನನ್ನ ಕೆಳದವಡೆಯಲ್ಲಿ ಈಗ ನಾಲ್ಕು ಸೆಂಟಿಮೀಟರ್ ಮೂಳೆ ಇಲ್ಲ. ಆ ಜಾಗಕ್ಕೆ ಮತ್ತೆ ಮೂಳೆ ಕೂರಿಸುವ ಆಪರೇಷನ್ನಿಗೆ ದುಡ್ಡು ಕೊಡಲು ಬರುವುದಿಲ್ಲ ಅಂತ ಅದರಲ್ಲಿ ಬರೆದಿದ್ದಾರೆ. ಕಾರಣ ಒಂದೇ ಸಾಲು: 'ದಂತ ಹಾಗೂ ಸೌಂದರ್ಯ ಚಿಕಿತ್ಸೆ'. ಕಾಲಿನಲ್ಲಿ ಇಷ್ಟೇ ಮೂಳೆ ಹೋಗಿದ್ದರೆ ಯಾರೂ ಹೀಗೆ ಬರೆಯುತ್ತಿರಲಿಲ್ಲ.

ಇದು ಶುರುವಾದದ್ದು ಒಂದು ರಾತ್ರಿ. ಸೈಕಲ್ಲಿನಿಂದ ಬಿದ್ದೆ, ಗದ್ದ ರಸ್ತೆಗೆ ಬಡಿಯಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಗದ್ದದ ಕೆಳಗೆ ಐದು ಹೊಲಿಗೆ ಹಾಕಿದರು. ತಲೆಯ ಎಕ್ಸ್‌-ರೇ ತೆಗೆದು, ಏನೂ ಆಗಿಲ್ಲ ಅಂದರು. 'ಹಲ್ಲು ಸರಿಯಾಗಿ ಕೂರ್ತಾ ಇಲ್ಲ' ಅಂತ ನಾನು ಎರಡು ಮೂರು ಸಲ ಹೇಳಿದೆ. ಕೆಳತುಟಿಯ ಎಡಭಾಗ ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ಹಾಗೆ ಜೋಮು ಹಿಡಿದಿತ್ತು. ಅದನ್ನೂ ಹೇಳಿದೆ. 'ಹಲ್ಲಿನ ವಿಭಾಗ ಬೆಳಗ್ಗೆ ತೆರೆಯುತ್ತೆ' ಅಂದರು. ಆ ಯುವ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಇದ್ದರು, ಎದುರಿಗೆ ಹದಿನೈದು ಜನ ಕಾಯುತ್ತಿದ್ದರು. ದವಡೆ ನೋಡುವುದು ಅಲ್ಲಿ ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ.

ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಮೊದಲಿನಂತೆ ಕೂರದಿರುವುದು, ಕೆಳತುಟಿ ಮರಗಟ್ಟುವುದು, ಇವೆರಡೂ ದವಡೆ ಮುರಿದಿರಬಹುದು ಅನ್ನುವುದಕ್ಕೆ ಮುಖ್ಯ ಸುಳಿವುಗಳಂತೆ. ತುಟಿಗೆ ಹೋಗುವ ನರ ಕೆಳದವಡೆಯ ಒಳಗೇ ಹಾದುಹೋಗುತ್ತದೆ. ದವಡೆ ಬಿಲ್ಲಿನ ಆಕಾರದ ಮೂಳೆ. ಒಂದು ಕಡೆ ಪೆಟ್ಟು ಬಿದ್ದರೆ ಇನ್ನೊಂದು ಕಡೆಯೂ ಮುರಿಯುವುದು ಜಾಸ್ತಿ. ಗದ್ದಕ್ಕೆ ಬಿದ್ದ ಪೆಟ್ಟಿನಿಂದ ಕಿವಿಯ ಮುಂದಿನ ಕೀಲಿನ ಹತ್ತಿರ ಮೂಳೆ ಮುರಿಯಬಹುದು. ಅದಕ್ಕೇ ಗದ್ದದ ಗಾಯ ನೋಡಿದ ಕೂಡಲೇ ಅನುಭವಿ ಸರ್ಜನ್ನರ ಕೈ ಕಿವಿಯ ಮುಂದಕ್ಕೆ ಹೋಗುತ್ತದೆ. ಇನ್ನೂ ಸುಲಭದ ಒಂದು ಪರೀಕ್ಷೆ ಇದೆ. ನಾಲಿಗೆ ಒತ್ತಿ ಗಂಟಲು ನೋಡಲು ಡಾಕ್ಟರು ಬಳಸುವ ಮರದ ಕಡ್ಡಿಯನ್ನು ರೋಗಿ ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಬೇಕು. ಡಾಕ್ಟರು ಅದನ್ನು ತಿರುಚುತ್ತಾರೆ. ಬಾಯಿಯ ಎರಡೂ ಕಡೆ ಕಚ್ಚಿದಾಗಲೂ ಕಡ್ಡಿಯೇ ಮುರಿದರೆ ದವಡೆ ಮುರಿದಿರುವ ಸಾಧ್ಯತೆ ತುಂಬಾ ಕಡಿಮೆ. ನೋವು ತಾಳದೆ ರೋಗಿ ಬಾಯಿ ಬಿಟ್ಟರೆ ಅವರನ್ನು ಹಾಗೇ ಮನೆಗೆ ಕಳಿಸಬಾರದು. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಆ ಕಡ್ಡಿಗಳು ತುಂಬಿದ ಡಬ್ಬ ಅವತ್ತು ನನ್ನ ತಲೆಯ ಪಕ್ಕದಲ್ಲೇ ಇತ್ತು.

ನನ್ನ ದವಡೆ ಮುರಿದದ್ದು ಬುದ್ಧಿಹಲ್ಲಿನ ಜಾಗದಲ್ಲಿ. ಮೊದಲ ಕೆಲವು ದಿನಗಳಲ್ಲೇ ಎರಡು ತುಂಡನ್ನು ಸರಿಯಾಗಿ ಜೋಡಿಸಿ, ಟೈಟಾನಿಯಮ್ಮಿನ ಸಣ್ಣ ಪ್ಲೇಟು, ನಾಲ್ಕಾರು ಸ್ಕ್ರೂ ಹಾಕಿದ್ದರೆ ಒಂದೂವರೆ ತಿಂಗಳಲ್ಲಿ ಕೂಡಿಕೊಳ್ಳುತ್ತಿತ್ತು. ಜೋಡಿಸದ ಮೂಳೆ ಪ್ರತಿ ತುತ್ತಿಗೂ ಅಲ್ಲಾಡುತ್ತದೆ. ಹಲ್ಲಿನ ಸಂದಿಯಿಂದ ಎಂಜಲು, ಎಂಜಲಿನ ಜೊತೆ ಬಾಯಿಯ ಕೀಟಾಣುಗಳು ಬಿರುಕಿಗೆ ಇಳಿಯುತ್ತವೆ. ಮೂರನೇ ವಾರಕ್ಕೆ ಕೆನ್ನೆ ಊದಿಕೊಂಡಿತು. ಎರಡು ಸಲ ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಔಷಧ ರಕ್ತದ ಜೊತೆ ಹೋಗಬೇಕು. ಸತ್ತ ಮೂಳೆಗೆ ರಕ್ತವೇ ಹೋಗುವುದಿಲ್ಲ, ಕಟ್ಟಿಕೊಂಡ ಕೀವಿನೊಳಗೂ ಅದು ಸರಿಯಾಗಿ ಇಳಿಯುವುದಿಲ್ಲ. ಚಾಕು ಹಿಡಿಯಲೇಬೇಕು.

ಕೊನೆಗೆ ಸರಿಯಾದ ವಾರ್ಡು ಸಿಕ್ಕಿತು. ಮೊದಲು ಮುರಿದ ಭಾಗ ಅಲ್ಲಾಡದಿರಲಿ ಅಂತ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಎರಡು ವಾರ ಬಾಯಿ ತೆರೆಯುವ ಹಾಗಿಲ್ಲ, ಎಲ್ಲವನ್ನೂ ಹಲ್ಲಿನ ಸಂದಿಯಿಂದ ಹೀರಬೇಕು. ನನ್ನ ಕೊರಳಿಗೆ ದಾರ ಕಟ್ಟಿ ಒಂದು ಪುಟ್ಟ ತಂತಿ ಕತ್ತರಿಸುವ ಕಟ್ಟರ್ ನೇತುಹಾಕಿದರು. ವಾಂತಿ ಬಂದರೆ ಉಸಿರು ಕಟ್ಟದಂತೆ ತಂತಿ ಕತ್ತರಿಸಲು. ಯಾವ ನಾಲ್ಕು ತಂತಿ ಕತ್ತರಿಸಬೇಕು ಅಂತ ನರ್ಸು ನನ್ನ ಮಗಳಿಗೆ ತೋರಿಸಿಕೊಟ್ಟರು. ಅವಳು ಆ ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಪಕ್ಕದ ಮಂಚಕ್ಕೆ ಬಂದ ಹುಡುಗನಿಗೆ ಬರೀ ಹುಳುಕು ಹಲ್ಲು. ಅಷ್ಟೇನಾ ಅಂದುಕೊಂಡೆ. ಅವನಿಗೆ ಮಲಗಲು ಆಗುತ್ತಿರಲಿಲ್ಲ. ಮುಂದಕ್ಕೆ ಬಾಗಿ ಕೂತು, ಬಾಯಿಂದ ಇಳಿಯುವ ಜೊಲ್ಲನ್ನು ಟವೆಲ್ಲಿಗೆ ಬಿಡುತ್ತಿದ್ದ. ಗದ್ದದ ಕೆಳಗೆ ಮುಟ್ಟಿದರೆ ಹಲಗೆ ಮುಟ್ಟಿದಂತೆ, ನಾಲಿಗೆ ಮೇಲಕ್ಕೆದ್ದಿತ್ತು. ಹಲ್ಲಿನ ಸೋಂಕು ನಾಲಿಗೆಯ ಕೆಳಗೆ, ಗದ್ದದ ಕೆಳಗೆ ಹರಡಿತ್ತು. ಲುಡ್ವಿಗ್ ಆಂಜೈನಾ ಅಂತಾರೆ ಅದಕ್ಕೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಅದನ್ನು ವಿವರಿಸಿದ್ದರು. ಆ್ಯಂಟಿಬಯೋಟಿಕ್ ಬರುವ ಮುಂಚೆ ಹೀಗಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು. ಮೊದಲು ಉಸಿರಿನ ದಾರಿ ಕಾಪಾಡಬೇಕು, ಆಮೇಲೆ ಗದ್ದದ ಕೆಳಗೆ ಚರ್ಮ ಕೊಯ್ದು ಒಳಗಿನ ಒತ್ತಡ ಇಳಿಸಬೇಕು, ಆ ಹಲ್ಲು ತೆಗೆಯಬೇಕು. ಆ ಹುಡುಗ ಬದುಕಿದ. ಅದೂ 'ಹಲ್ಲಿನ ಕೇಸು' ಅಂತಲೇ ದಾಖಲಾಗಿತ್ತು.

ನನಗೆ ಸತ್ತ ಮೂಳೆಯನ್ನು ಆರೋಗ್ಯವಂತ ಮೂಳೆ ಸಿಗುವವರೆಗೂ ಕೆರೆದು ತೆಗೆದರು. ಉಳಿದ ಎರಡು ತುದಿಗಳ ನಡುವೆ ದಪ್ಪ ಪ್ಲೇಟನ್ನು ಸೇತುವೆಯಂತೆ ಕೂರಿಸಿದರು. ಜನ ಇಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಪ್ಲೇಟು ಮೂಳೆಯಲ್ಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತಲ್ಲ, ಹಾಗೇ ವರ್ಷಗಟ್ಟಲೆ ಅಗಿದರೆ ಇದೂ ಮುರಿಯಬಹುದು, ಸ್ಕ್ರೂ ಸಡಿಲವಾಗಬಹುದು. ಸೋಂಕು ಪೂರ್ತಿ ಹೋದ ಮೇಲೆ ಸೊಂಟದ ಮೂಳೆಯ ಅಂಚಿನಿಂದ ಒಂದು ತುಂಡು ತೆಗೆದು ಈ ಖಾಲಿ ಜಾಗಕ್ಕೆ ಇಡಬೇಕು. ನನ್ನದು ಸಣ್ಣದು. ಗಡ್ಡೆಗಾಗಿ ಅರ್ಧ ದವಡೆಯನ್ನೇ ತೆಗೆಸಿಕೊಂಡವರಿಗೆ ಮೊಣಕಾಲಿನ ಕೆಳಗಿನ ಫಿಬುಲಾ ಅನ್ನುವ ತೆಳ್ಳಗಿನ ಮೂಳೆಯನ್ನು ರಕ್ತನಾಳದ ಸಮೇತ ತಂದು, ದವಡೆಯ ಆಕಾರಕ್ಕೆ ಕತ್ತರಿಸಿ, ಎರಡು ಮೂರು ಮಿಲಿಮೀಟರಿನ ನಾಳಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕತ್ತಿನ ನಾಳಕ್ಕೆ ಹೊಲಿಯುತ್ತಾರೆ. ಡೇವಿಡ್ ಹಿಡಾಲ್ಗೊ ಅನ್ನುವ ಸರ್ಜನ್ ಫಿಬುಲಾದಿಂದ ಕೆಳದವಡೆ ಕಟ್ಟುವ ಬಗ್ಗೆ 1989ರಲ್ಲೇ ಬರೆದರು. ಇದನ್ನು ಸೌಂದರ್ಯ ಚಿಕಿತ್ಸೆ ಅನ್ನುವವರು ಒಂದು ದಿನ ಬಂದು ಆಪರೇಷನ್ ಥಿಯೇಟರಿನಲ್ಲಿ ನಿಲ್ಲಲಿ.

ಮೊದಲ ಮಹಾಯುದ್ಧದಲ್ಲಿ ಮುಖ, ದವಡೆ ಛಿದ್ರವಾದ ಸೈನಿಕರಿಗಾಗಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಒಂದು ಆಸ್ಪತ್ರೆಯನ್ನೇ ತೆರೆದರು. ಅಲ್ಲಿ ಸರ್ಜನ್ ಹೆರಾಲ್ಡ್ ಗಿಲ್ಲೀಸ್ ಅವರ ಜೊತೆ ದಂತವೈದ್ಯರೂ ಒಂದೇ ತಂಡದಲ್ಲಿದ್ದರು. ಆ ರೋಗಿಗಳು ಕೂರುವ ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರಂತೆ, ದಾರಿಹೋಕರು ನೋಡಿ ಬೆಚ್ಚದಿರಲಿ ಅಂತ. ಆ ಬೆಂಚುಗಳು ನನಗೆ ಇಷ್ಟವಿಲ್ಲ. ಆದರೆ ದವಡೆ ಕಟ್ಟುವುದು ಚಿಕಿತ್ಸೆಯೋ ಅಲಂಕಾರವೋ ಅಂತ ಆಗಲೂ ಯಾರೂ ಕೇಳಲಿಲ್ಲ.

ಈಗ ನನ್ನ ಬೇಡಿಕೆ. ಯೋಜನೆಯ ಪಟ್ಟಿಯಿಂದ ಆ ಒಂದು ಸಾಲು ತೆಗೆಸಿ. ಪೆಟ್ಟು, ಸೋಂಕು, ಗಡ್ಡೆ, ಯಾವುದರಿಂದಲೇ ಹೋಗಿರಲಿ, ದವಡೆಯ ಮೂಳೆಯನ್ನು ಮೂಳೆ ಅಂತಲೇ ಎಣಿಸಿ. ಅದರ ಮೇಲೆ ಕೂರಿಸುವ ಹಲ್ಲನ್ನೂ ಸೇರಿಸಿ, ಯಾಕೆಂದರೆ ಅಗಿಯಲು ಬಾರದ ದವಡೆ ಕಟ್ಟಿ ಏನು ಪ್ರಯೋಜನ? ಅಪಘಾತದ ರೋಗಿಗಳು ಬರುವ ಆಸ್ಪತ್ರೆಗಳಲ್ಲಿ ರಾತ್ರಿ ಕರೆದರೆ ಬರುವ ದವಡೆ ಸರ್ಜನ್ ಇರಲಿ. ಅದು ಆಗುವವರೆಗೆ ಒಂದು ಸುತ್ತೋಲೆ ಸಾಕು: ಗದ್ದಕ್ಕೆ ಗಾಯ ಆಗಿದ್ದರೆ, ಹಲ್ಲು ಕೂರುತ್ತಿಲ್ಲ ಅಂತ ರೋಗಿ ಹೇಳಿದರೆ, ದವಡೆಯ ಎಕ್ಸ್‌-ರೇ ಅಥವಾ ಸಿಟಿ ಸ್ಕ್ಯಾನ್ ಆಗದೆ ಮನೆಗೆ ಕಳಿಸಬೇಡಿ. ಹಾಗೇ, ಬಾಯಿ ಮತ್ತು ಕತ್ತಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಮುಂಚೆ ಹಲ್ಲು ತೋರಿಸುವುದನ್ನೂ ಕಡ್ಡಾಯ ಮಾಡಿ. ಆಮೇಲೆ ಹಲ್ಲು ಕಿತ್ತರೆ ದವಡೆ ಮೂಳೆ ಸಾಯುವ ಅಪಾಯವಿದೆ.

ಪತ್ರದ ಜೊತೆ ನನ್ನ ದವಡೆಯ ಎರಡು ಎಕ್ಸ್‌-ರೇಗಳ ಪ್ರತಿ ಇಟ್ಟಿದ್ದೇನೆ. ಒಂದು ಮೂರನೇ ವಾರದ್ದು, ಒಂದು ಈಗಿನದು. ಮೊದಲ ರಾತ್ರಿಯದು ಇಲ್ಲ, ತೆಗೆದಿದ್ದರೆ ತಾನೇ ಇರುವುದು.

ಇಂತಿ,
ಸೊಂಟದ ಮೂಳೆ ಕೊಡಲು ತಯಾರಿರುವ ಒಬ್ಬ ರೋಗಿ